ಎತ್ತಿದ ಎಡಗೈ

ನಾನು ಹಳಿದಾರಿ ಸಮಿತಿಯ ಕಾರ್ಯದರ್ಶಿಯಾದದ್ದು ಕೈ ಎತ್ತಿದ್ದರಿಂದ. ಎತ್ತಿದ್ದು ಕೂಡ ಫ್ಯಾನು ಸ್ವಲ್ಪ ನಿಧಾನ ಮಾಡಿ ಅನ್ನಲಿಕ್ಕೆ. ಅದೇ ಹೊತ್ತಿಗೆ ಅಧ್ಯಕ್ಷರು, "ಕಾರ್ಯದರ್ಶಿ ಕೆಲಸಕ್ಕೆ ಯಾರು ಬರ್ತೀರಿ?" ಎಂದು ಕೇಳಿದ್ದರು. ಸಭೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಮೇಲಿದ್ದದ್ದು ನನ್ನದೊಂದೇ ಕೈ. ಚಪ್ಪಾಳೆ ಬಿತ್ತು. ಫ್ಯಾನು ಮಾತ್ರ ಹಾಗೇ ತಿರುಗುತ್ತಿತ್ತು. ಊರ ಉಸಾಬರಿ ತಲೆಗೆ ಕಟ್ಟಿಕೊಳ್ಳಬೇಡ ಅಂತ ನನ್ನ ತಾಯಿ ಹೇಳುತ್ತಲೇ ಇದ್ದಳು. ಅದು ತಾನಾಗಿ ಬಂದು ಕಟ್ಟಿಕೊಂಡರೆ ಏನು ಮಾಡಬೇಕು ಅಂತ ಅವಳು ಹೇಳಿಕೊಟ್ಟಿರಲಿಲ್ಲ.

ಹಳಿದಾರಿ ಅಂದರೆ ಹಿಂದೆ ನೇಯ್ಗೆ ಗಿರಣಿಗೆ ಗೂಡ್ಸ್ ಗಾಡಿ ಬರುತ್ತಿದ್ದ ದಾರಿ. ಗಿರಣಿ ಮುಚ್ಚಿತು, ಹಳಿ ಕಿತ್ತರು, ಜಲ್ಲಿಯ ಮೇಲೆ ಮಣ್ಣು ಹೊಡೆದು ಗಟ್ಟಿ ಮಾಡಿದರು. ಆಮೇಲೆ ಅದು ನಡೆಯುವವರದೂ ಸೈಕಲ್ಲಿನವರದೂ ಆಯಿತು. ಒಂದು ತುದಿಗೆ ಗಿರಣಿಯ ಗೇಟು, ಇನ್ನೊಂದು ತುದಿಗೆ ಮಾರ್ಕೆಟ್ಟು, ನಡುವೆ ಕೆರೆ. ಅಗಲ ಎಷ್ಟೆಂದರೆ, ಇಬ್ಬರು ಮಾತಾಡಿಕೊಂಡು ಹೋಗುತ್ತಿದ್ದರೆ ಮೂರನೆಯವನಿಗೆ ಸಿಟ್ಟು ಬರುವಷ್ಟು.

ಆ ಸಿಟ್ಟೆಲ್ಲ ನನ್ನ ಫೋನಿಗೆ ಬರುತ್ತಿತ್ತು. ಸೈಕಲ್ಲಿನವರು ಬೆನ್ನ ಮೇಲೇ ಬಂದು ಬೀಳ್ತಾರೆ ಅಂತ ನಡೆಯುವವರು. ನಡೆಯುವವರು ಕಿವಿಗೆ ತಂತಿ ಸಿಕ್ಕಿಸಿಕೊಂಡು ದಾರಿ ತುಂಬ ಹರಡಿಕೊಳ್ತಾರೆ ಅಂತ ಸೈಕಲ್ಲಿನವರು. ನಮ್ಮ ನಾಯಿ ಏನೂ ಮಾಡಲ್ಲ ಅಂತ ನಾಯಿಯವರು. ಬೋರ್ಡು ಹಾಕಿಸಿದೆವು. 'ಎಡಕ್ಕೇ ನಡೆಯಿರಿ' ಅನ್ನುವುದರ ಮೇಲೆ ಯಾರೋ ಒದ್ದೆ ಟವೆಲ್ ಒಣಹಾಕಿದರು. 'ಬೆಲ್ ಮಾಡಿ ದಾಟಿರಿ' ಅನ್ನುವುದಕ್ಕೆ ಸೈಕಲ್ ಒರಗಿಸಿದರು. 'ನಾಯಿಯ ಹಗ್ಗ ಗಿಡ್ಡವಿರಲಿ' ಅನ್ನುವ ಬೋರ್ಡಿನ ಕಂಬವನ್ನು ನಾಯಿಗಳಾದರೂ ಚೆನ್ನಾಗಿ ಬಳಸಿಕೊಂಡವು.

ಇದೆಲ್ಲ ನನ್ನ ಹೊಟ್ಟೆಪಾಡಿನ ಕೆಲಸ ಅಲ್ಲ. ನನ್ನ ಕೆಲಸ ಆಸ್ಪತ್ರೆಯ ಲಾಂಡ್ರಿಯಲ್ಲಿ. ಬಿಸಿ ರೋಲರಿನಿಂದ ಹಾಸಿಗೆ ಬಟ್ಟೆಗಳು ಒಂದರ ಹಿಂದೊಂದು ಹೊರಬರುತ್ತವೆ. ಆ ಕಡೆ ಒಬ್ಬಳು, ಈ ಕಡೆ ನಾನು. ಮೂಲೆ ಹಿಡಿ, ಎಳೆ, ಮಡಿಸು, ಗಾಡಿಗೆ ಹಾಕು. ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೇ. ಮನೆಗೆ ಬಂದರೆ ಒಲೆಯ ಮುಂದೆ ನಿಲ್ಲಬೇಕು, ಪಾತ್ರೆಯ ಮುಂದೆ ನಿಲ್ಲಬೇಕು. ನಮ್ಮವರು ಬಸ್ ಡಿಪೋದಲ್ಲಿ ರಾತ್ರಿ ಪಾಳಿಯ ಮೆಕ್ಯಾನಿಕ್. ಅವರು ಹೊರಡುವ ಹೊತ್ತಿಗೆ ಡಬ್ಬಿ ಕಟ್ಟಬೇಕು. ಬೆಳಿಗ್ಗೆ ಅವರು ಬಂದು ಮಲಗಿ, ಮಾವ ವಾಕಿಂಗಿಗೆ ಹೊರಟರು ಅಂದರೆ, ನನಗೆ ಒಂದು ಗಂಟೆ ಸಿಗುತ್ತಿತ್ತು. ಹಿತ್ತಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಕಾಫಿ ಕುಡಿಯುವುದು. ಬೇರೇನೂ ಮಾಡುತ್ತಿರಲಿಲ್ಲ. ಇಡೀ ದಿನದಲ್ಲಿ ನಾನು ಯಾರ ಹೆಂಡತಿಯೂ ಯಾರ ಸೊಸೆಯೂ ಯಾವ ಸುಡುಗಾಡು ಸಮಿತಿಯ ಕಾರ್ಯದರ್ಶಿಯೂ ಅಲ್ಲದ ಹೊತ್ತು ಅದೊಂದೇ. ಅದಕ್ಕೆ ಕೈ ಹಾಕಿದವರ ಮೇಲೆ ನಾನು ಹರಿಹಾಯುತ್ತಿದ್ದೆ.

ಮಾವ ಆ ಗಂಟೆಗೆ ಯಾವತ್ತೂ ಕೈ ಹಾಕಿದವರಲ್ಲ. ಕುಡಿದ ಲೋಟ ತಾವೇ ತೊಳೆದಿಟ್ಟು, ಬಾಗಿಲು ಮೆಲ್ಲಗೆ ಎಳೆದುಕೊಂಡು, ಹಳಿದಾರಿಗೆ ಹೊರಟುಬಿಡುತ್ತಿದ್ದರು. ಅವರು ಆ ಗಿರಣಿಯಲ್ಲೇ ಮಗ್ಗ ನಡೆಸಿದವರು. ಅತ್ತೆಯೂ ಅಲ್ಲೇ, ಪಕ್ಕದ ಸಾಲಿನಲ್ಲಿ. ಅಷ್ಟು ಮಗ್ಗಗಳು ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಕೂಗಿದರೂ ಪಕ್ಕದವರಿಗೆ ಕೇಳುತ್ತಿರಲಿಲ್ಲವಂತೆ. ಅದಕ್ಕೆ ಅಲ್ಲಿಯವರು ದನಿ ತೆಗೆಯದೆ ತುಟಿ ಅಲ್ಲಾಡಿಸಿಯೇ ಮಾತಾಡುತ್ತಿದ್ದರು. ಸಾಲಿನ ಆ ತುದಿಯಿಂದ ಈ ತುದಿಗೆ ಸುದ್ದಿ, ತಮಾಷೆ, ಬೈಗುಳ ಎಲ್ಲ ತುಟಿಯಲ್ಲೇ ಹೋಗುತ್ತಿತ್ತು. ಗಿರಣಿ ಬಿಟ್ಟ ಮೇಲೂ ಅತ್ತೆ ಮಾವ ಮನೆಯಲ್ಲಿ ಹಾಗೇ ಜಗಳ ಆಡುತ್ತಿದ್ದರು. ನಾನು ಹೊಸದಾಗಿ ಬಂದಾಗ ಅಡುಗೆಮನೆ ಬಾಗಿಲಲ್ಲಿ ಅತ್ತೆ, ನಡುಮನೆಯಲ್ಲಿ ಮಾವ, ಇಬ್ಬರೂ ಮುಖ ಕೆಂಪಗೆ ಮಾಡಿಕೊಂಡು ಪಿಟ್ಟೆನ್ನದೆ ಬಾಯಿ ಆಡಿಸುವುದನ್ನು ನೋಡಿ ಹೆದರಿದ್ದೆ. ಅತ್ತೆ ಹೋಗಿ ಐದು ವರ್ಷವಾಯಿತು. ಮನೆ ಇನ್ನೂ ನಿಶ್ಶಬ್ದವಾಯಿತು.

ಮಾವನಷ್ಟು ಸೌಜನ್ಯದ ಮನುಷ್ಯ ಬೀದಿಯಲ್ಲೇ ಇಲ್ಲ ಅನ್ನುತ್ತಿದ್ದರು. ಮಗ ಮಲಗಿರುತ್ತಾನೆಂದು ಟೀವಿಯ ದನಿ ಪೂರ್ತಿ ಇಳಿಸಿ ವಾರ್ತೆ ನೋಡುತ್ತಿದ್ದರು. ಯಾರು ಏನಂದರೂ ನಕ್ಕು ತಲೆಯಾಡಿಸುತ್ತಿದ್ದರು. ನಾನು ಬೆಳಗಿನ ಸಿಟ್ಟಿನಲ್ಲಿ ಗೊಣಗಿದರೆ ಒಂದು ದಿನವೂ ತಿರುಗಿ ಅಂದವರಲ್ಲ. ಇಂಥ ಮಾವ ಸಿಗಲಿಕ್ಕೆ ಪುಣ್ಯ ಮಾಡಿರಬೇಕು ಅಂತ ಲಾಂಡ್ರಿಯ ಹೆಂಗಸರು ಅನ್ನುತ್ತಿದ್ದರು. ನಾನೂ ಹೂಂ ಅನ್ನುತ್ತಿದ್ದೆ.

ಹಳಿದಾರಿಯಲ್ಲಿ ಅವರದೊಂದು ಪದ್ಧತಿ. ಎಡಬದಿಗೆ ನಡೆಯುತ್ತಾ, ಹಿಂದೆ ಬರುವ ಸೈಕಲ್ಲಿಗೆ ತಿರುಗಿ ಕೂಡ ನೋಡದೆ, ಎಡಗೈಯನ್ನು ಕಿವಿಯ ಮಟ್ಟಕ್ಕೆ ಎತ್ತುತ್ತಿದ್ದರು. ಬೆಲ್ ಕೇಳಿತು, ನಾನು ಪಕ್ಕದಲ್ಲಿದ್ದೇನೆ, ನೀವು ದಾಟಿ ಅಂತ. ಸೈಕಲ್ಲಿನವರಿಗೆ ಇದು ಬಹಳ ಹಿಡಿಸಿತು. ಮುಖ ಗಂಟಿಕ್ಕಿಕೊಂಡು ತಿರುಗುವವರ ನಡುವೆ ಒಬ್ಬ ಮನುಷ್ಯ ಕೈ ಎತ್ತಿ ದಾರಿ ಬಿಡುತ್ತಾನೆ ಅಂದರೆ ಸುಮ್ಮನೆಯೇ! ನೋಡಿ ನೋಡಿ ಬೇರೆಯವರೂ ಎತ್ತತೊಡಗಿದರು. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಬೆಲ್ ಆಯಿತೆಂದರೆ ಮುಂದೆ ನಡೆಯುವವರ ಎಡಗೈಗಳು ಮೇಲೇಳುವುದು ನಮ್ಮ ದಾರಿಯ ರೂಢಿಯೇ ಆಗಿಬಿಟ್ಟಿತು. ಯಾವ ಬೋರ್ಡಿಗೂ ಆಗದ ಕೆಲಸ ಮಾವನ ಕೈಯಿಂದ ಆಗಿತ್ತು.

ಇದನ್ನು ಕಂಡು ಸಮಿತಿಗೆ ಸಂಭ್ರಮ. ಅಧ್ಯಕ್ಷರದು ಕನ್ನಡಕದ ಅಂಗಡಿ, ಮೇಲ್ತುಟಿ ಕೆಳತುಟಿ ಎರಡನ್ನೂ ಮುಚ್ಚುವ ಮೀಸೆ. "ಯಜಮಾನರ ಚಿತ್ರವನ್ನೇ ಬೋರ್ಡಿಗೆ ಹಾಕ್ಸೋಣ. ಬೆಲ್ ಕೇಳಿತೇ, ಕೈ ಎತ್ತಿ ಅಂತ ಬರ್ಸೋಣ," ಎಂದರು. ಸೈಕಲ್ಲಿನವರ ಪರವಾಗಿ ಮಾತಾಡುವವನಿಗೆ ನಾವು ಹೆಲ್ಮೆಟ್ ಅಂತಲೇ ಕರೆಯುವುದು, ಸಭೆಯಲ್ಲೂ ಅವನು ಅದನ್ನು ತೆಗೆಯುವುದಿಲ್ಲ. ಅವನೂ ಒಪ್ಪಿದ. ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ಮಾವನ ಹಿಂದಿನಿಂದ ಫೋಟೋ ತೆಗೆದು, ಅದನ್ನು ನೋಡಿ ಕಪ್ಪು ಆಕೃತಿ ಬರೆಸಿದರು. ಬಗ್ಗಿದ ಬೆನ್ನು, ಟೋಪಿ, ಎತ್ತಿದ ಎಡಗೈ.

ಬೋರ್ಡು ತಯಾರಾಗಿ ಬಂದ ವಾರವೇ ಅಪಘಾತವಾಯಿತು.

ನಾನು ಮೆಟ್ಟಿಲ ಮೇಲಿದ್ದೆ. ಕಾಫಿ ಅರ್ಧ ಆಗಿತ್ತು. ಫೋನ್ ಬಂತು. "ನಿಮ್ಮ ಮಾವನಿಗೆ ಸೈಕಲ್ ಹೊಡೀತು, ಕೆರೆ ಹತ್ರ." ಮನೆಯೊಳಗಿನ ಚಪ್ಪಲಿಯಲ್ಲೇ ಓಡಿದೆ. ದಾರಿ ತುಂಬ ಬ್ರೆಡ್ಡು. ಬೇಕರಿಯ ಕ್ರೇಟುಗಳು ಒಡೆದು, ಬನ್ನುಗಳು ಕೆರೆಯ ಇಳಿಜಾರಿಗೆ ಉರುಳಿದ್ದವು. ಸೈಕಲ್ಲಿನ ಮುಂಚಕ್ರ ಮೇಲಾಗಿತ್ತು. ಮಾವ ಮಣ್ಣಿನ ಮೇಲೆ ಮಲಗಿದ್ದರು, ತಲೆಯ ಕೆಳಗೆ ಮಡಿಸಿದ ಏಪ್ರನ್ನು. ಅದನ್ನಿಟ್ಟವಳು ಬ್ರೆಡ್ಡಕ್ಕ. ಬೇಕರಿಯಿಂದ ಮಾರ್ಕೆಟ್ಟಿನ ಅಂಗಡಿಗಳಿಗೆ ದಿನಾ ಬೆಳಿಗ್ಗೆ ಸೈಕಲ್ಲಿನ ಮೇಲೆ ಬ್ರೆಡ್ಡು ಸಾಗಿಸುವವಳು. ಅವಳ ಮಂಡಿಯಿಂದ ರಕ್ತ ಇಳಿಯುತ್ತಿತ್ತು. ಅದನ್ನು ಅವಳು ನೋಡಿಯೂ ಇರಲಿಲ್ಲ.

"ಬೆಲ್ ಮಾಡ್ದೆ ಅಕ್ಕಾ," ಅಂದಳು ನನ್ನ ಮುಖ ನೋಡಿದ ಕೂಡಲೇ. "ಎರಡು ಸಲ ಮಾಡ್ದೆ. ಇವ್ರು ಕೈ ಎತ್ತಿದ್ರು. ಸರಿ ಅಂತ ಬಲಗಡೆಯಿಂದ ದಾಟ್ತಿದ್ದೆ. ಇವ್ರು ತಟ್ಟನೆ ಬೆಂಚಿನ ಕಡೆ ತಿರುಗಿಬಿಟ್ರು."

ಸುತ್ತ ನಿಂತವರಲ್ಲಿ ಒಬ್ಬರೂ ನಂಬಲಿಲ್ಲ. ಕೈ ಎತ್ತಿದ ಮೇಲೆ ಅಡ್ಡ ಬರುವವರೇ ಈ ಯಜಮಾನರು? ಅಂಗಡಿಗೆ ಹೊತ್ತಾಯಿತು ಅಂತ ಜೋರಾಗಿ ಬಂದಿರುತ್ತಾಳೆ, ಬೆಲ್ಲೂ ಇಲ್ಲ ಗಿಲ್ಲೂ ಇಲ್ಲ. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು. ಅವಳನ್ನು ಚೆನ್ನಾಗಿ ಬೈದೆ. ಅವಳು ಬೈಸಿಕೊಂಡೇ ಬನ್ನುಗಳನ್ನು ಆರಿಸತೊಡಗಿದಳು.

ಮಾವನ ಎಡ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ಹಾಕಿ, ಕೊರಳಿಗೆ ಜೋಲಿ ಕಟ್ಟಿ ಕಳಿಸಿದರು. ನಮ್ಮವರು ನಿದ್ದೆಗಣ್ಣಲ್ಲೇ ಎಗರಾಡಿದರು. "ನೆಟ್ಟಗೆ ಹೋಗೋ ಮನುಷ್ಯನಿಗೇ ಗುದ್ತಾರೆ ಅಂದ್ರೆ! ಅಪ್ಪನಿಗೆ ಕಣ್ಣು ಕಿವಿ ನೆಟ್ಟಗಿರೋದಕ್ಕೆ ಉಳ್ಕೊಂಡ್ರು. ಅದೂ ಇಲ್ದೇ ಇದ್ದಿದ್ರೆ ನಾನು ಹೊಸಿಲು ದಾಟೋಕೆ ಬಿಡ್ತಿರ್ಲಿಲ್ಲ." ಹೇಳಿ ಮತ್ತೆ ಹೋಗಿ ಮಲಗಿದರು. ಮಾವ ನಕ್ಕು ತಲೆಯಾಡಿಸಿದರು.

ಆ ಮಧ್ಯಾಹ್ನ ಲಾಂಡ್ರಿಗೆ ರಜೆ ಹಾಕಿದ್ದೆ. ಮಾವ ಕಿಟಕಿಯ ಹತ್ತಿರ ಕೂತು ಒಂದೇ ಕೈಯಲ್ಲಿ ಪೇಪರ್ ಮಗುಚುತ್ತಿದ್ದರು. ನಾನು ಅವರ ಬೆನ್ನ ಹಿಂದೆ ಸ್ಟೀಲಿನ ತಟ್ಟೆಗಳನ್ನು ಎತ್ತಿಡುತ್ತಿದ್ದೆ. ಕೈ ಸೋತಿತ್ತು, ಎಲ್ಲವೂ ಒಟ್ಟಿಗೆ ನೆಲಕ್ಕೆ ಬಿದ್ದವು. ಪಕ್ಕದ ಮನೆಯವರು ಕಿಟಕಿ ತೆಗೆದು ಏನಾಯ್ತು ಎಂದು ಕೇಳಿದರು. ಒಳಕೋಣೆಯಲ್ಲಿ ನಮ್ಮವರ ಗೊರಕೆ ಒಮ್ಮೆ ನಿಂತು ಮತ್ತೆ ಶುರುವಾಯಿತು. ಮಾವ ಪೇಪರಿನ ಇನ್ನೊಂದು ಪುಟ ತಿರುಗಿಸಿದರು.

ನಾನು ನಿಂತಲ್ಲೇ ನಿಂತೆ. ಆಮೇಲೆ, ಬೆನ್ನ ಹಿಂದಿನಿಂದಲೇ, "ಮಾವಾ, ಮನೆಗೆ ಬೆಂಕಿ ಬಿದ್ದಿದೆ," ಅಂದೆ. ಮಾವ ಮೂಗು ಕೆರೆದುಕೊಂಡರು.

ಎದುರಿಗೆ ಹೋಗಿ ನಿಂತೆ. ಅವರು ತಲೆ ಎತ್ತಿದರು. ನಾನು ದನಿಯನ್ನೇ ತೆಗೆಯದೆ, ಬರೀ ತುಟಿ ಆಡಿಸಿ, ಕಾಫಿ ಬೇಕಾ ಮಾವ ಎಂದು ಕೇಳಿದೆ.

"ಅರ್ಧ ಲೋಟ ಸಾಕಮ್ಮ," ಅಂದರು.

ನಾನು ಅವರ ಎದುರಿಗೇ ನೆಲದ ಮೇಲೆ ಕೂತೆ. ನನ್ನ ಮುಖ ನೋಡಿ ಅವರಿಗೂ ಗೊತ್ತಾಯಿತು. ಪೇಪರು ಮಡಿಸಿಟ್ಟರು. ನಾನು ಅಷ್ಟು ದಿನ ಸೌಜನ್ಯ ಅಂದುಕೊಂಡದ್ದೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು. ದನಿ ಇಳಿಸಿದ ಟೀವಿ, ತಿರುಗಿ ಅನ್ನದ ಬಾಯಿ, ಏನಂದರೂ ನಗು. ಅತ್ತೆ ಇದ್ದಷ್ಟು ದಿನ ಅವಳೇ ಎಲ್ಲವನ್ನೂ ಅವರ ಕಡೆ ತಿರುಗಿ ತುಟಿಯಲ್ಲಿ ಹೇಳುತ್ತಿದ್ದಳು. ಅವಳು ಹೋದದ್ದೇ ಇವರ ಕಿವಿಯೂ ಹೋದ ಹಾಗಾಗಿತ್ತು. ನಾವು ಒಂದೇ ಸೂರಿನ ಕೆಳಗಿದ್ದೂ ಗಮನಿಸಿರಲಿಲ್ಲ.

"ಮತ್ತೆ ಆ ಕೈ?" ಎಂದು ಕೇಳಿದೆ.

"ಅಂದಾಜಿಗೆ ಎತ್ತೋದು," ಅಂದರು. "ಒಂದ್ಸಲ ಒಬ್ಬ ಸೈಕಲ್ ನಿಲ್ಸಿ, ಮುಂದೆ ಬಂದು, ಕಿವುಡಾ ಅಂತ ಬೈದ. ಅದು ಚೆನ್ನಾಗೇ ಕಾಣಿಸ್ತು. ಅವತ್ತಿಂದ ಆಗಾಗ ಎತ್ತಿಬಿಡ್ತೀನಿ. ಹಿಂದೆ ಯಾರಾದ್ರೂ ಇದ್ದೇ ಇರ್ತಾರೆ. ಇಲ್ದೇ ಇದ್ರೆ ನಷ್ಟ ಏನು?"

ಹಿಂದೆ ಬ್ರೆಡ್ಡಕ್ಕ ಇದ್ದಳು. ಅವಳು ಹೇಳಿದ ಒಂದೊಂದು ಮಾತೂ ನಿಜ.

"ಯಾರಿಗೂ ಹೇಳಬೇಡಮ್ಮ," ಅಂದರು ಮಾವ, ಮಗ ಮಲಗಿದ್ದ ಕೋಣೆಯ ಕಡೆ ಕಣ್ಣು ತೋರಿಸಿ. "ಅವನಿಗೆ ಗೊತ್ತಾದ್ರೆ ಹೊರಗೇ ಬಿಡಲ್ಲ. ಆ ಒಂದು ಗಂಟೆ ಹೋಗಿಬಿಡುತ್ತೆ." ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು. ಗಿರಣಿ ಹೋಯಿತು, ಹೆಂಡತಿ ಹೋದಳು, ಕಿವಿ ಹೋಯಿತು, ಉಳಿದದ್ದು ಆ ದಾರಿ ಒಂದೇ. ನಾನು ಆಯಿತು ಅಂತ ತಲೆಯಾಡಿಸಿದೆ. ಅವರದಷ್ಟೇ ಅಲ್ಲ, ನನ್ನ ಒಂದು ಗಂಟೆಯೂ ಆಗ ಕಣ್ಣ ಮುಂದೆ ಬಂತು. ಅದು ಸುಳ್ಳಲ್ಲ.

ಸಭೆ ವಾರದ ಕೊನೆಯ ಸಂಜೆ, ಹಳೆಯ ಗೂಡ್ಸ್ ಶೆಡ್ಡಿನಲ್ಲಿ. ಮೊದಲೇ ಗೊತ್ತುಮಾಡಿದ್ದು ಬೋರ್ಡಿನ ಅನಾವರಣ. ಈಗ ಅದಕ್ಕೆ ಹೆಲ್ಮೆಟ್ ಇನ್ನೊಂದು ವಿಷಯ ಸೇರಿಸಿದ್ದ. ಹೊರೆ ಹೊರುವ ಸೈಕಲ್ಲುಗಳನ್ನು ಹಳಿದಾರಿಯಿಂದ ತೆಗೆಯಬೇಕು ಅಂತ. ಹೊರೆ ಹೊರುವ ಸೈಕಲ್ಲು ಅಂತ ಇದ್ದದ್ದು ಒಂದೇ. ಹಳಿದಾರಿ ತಪ್ಪಿದರೆ ಬ್ರೆಡ್ಡಕ್ಕನಿಗೆ ಉಳಿಯುವುದು ಲಾರಿಗಳು ಓಡಾಡುವ ಹೆದ್ದಾರಿ. ಅಲ್ಲಿ ಒಬ್ಬ ಹೆಂಗಸು ಬೆಳಗಿನ ಮಬ್ಬಿನಲ್ಲಿ ಕ್ರೇಟು ಕಟ್ಟಿಕೊಂಡು ಸೈಕಲ್ ಹೊಡೆಯುವುದೆಂದರೆ ಏನೆಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ನನಗೆ ಬಾಯಲ್ಲಿ ಬಿಸಿ ತುಪ್ಪ. ನುಂಗಲೂ ಆಗದು, ಉಗುಳಲೂ ಆಗದು.

ಮಾವನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದರು. ಜೋಲಿಯೊಳಗೆ ಎಡಗೈ, ತಲೆಯ ಮೇಲೆ ಅದೇ ಟೋಪಿ. ಪಕ್ಕದ ಗೋಡೆಗೆ ಕಂದು ಕಾಗದ ಸುತ್ತಿದ ಬೋರ್ಡು ಒರಗಿತ್ತು. ನಾನು ಎದುರಿಗೆ, ಅಧ್ಯಕ್ಷರ ಮೇಜಿನ ತುದಿಯಲ್ಲಿ. ಬ್ರೆಡ್ಡಕ್ಕ ಬಾಗಿಲ ಹತ್ತಿರ ನಿಂತಿದ್ದಳು. ಕೂತುಕೊಳ್ಳಿ ಅಂತ ಯಾರೂ ಅನ್ನಲಿಲ್ಲ. ಏಪ್ರನ್ನಿನ ಮೇಲೆ ಇನ್ನೂ ಹಿಟ್ಟಿತ್ತು, ಮಂಡಿಗೆ ಪಟ್ಟಿ.

"ಹೇಳಮ್ಮಾ, ಏನಾಯ್ತು?" ಅಂದರು ಅಧ್ಯಕ್ಷರು.

"ಬೆಲ್ ಮಾಡ್ದೆ. ಕೈ ಎತ್ತಿದ್ರು. ದಾಟ್ದೆ. ಅಷ್ಟೇ," ಅಂದಳು. ಎಷ್ಟು ಸಲ ಹೇಳಿ ಸಾಕಾಗಿತ್ತೋ, ಪಾಠ ಒಪ್ಪಿಸಿದ ಹಾಗಿತ್ತು.

"ಅಂದ್ರೆ, ಈ ಬೋರ್ಡಿನ ಮೇಲಿರೋ ಮನುಷ್ಯ ಕೈ ಎತ್ತಿ ಅಡ್ಡ ಬಂದ್ರು ಅಂತೀರಿ," ಅಂದ ಹೆಲ್ಮೆಟ್. ಒಂದಿಬ್ಬರು ನಕ್ಕರು.

ಅಧ್ಯಕ್ಷರು ಮಾವನ ಕಡೆ ತಿರುಗಿದರು. "ಯಜಮಾನರೇ, ನೀವೇ ಹೇಳಿ. ಈಕೆ ಬೆಲ್ ಮಾಡದೇನೇ ಬಂದದ್ದು ತಾನೇ?"

ಮಾತು ಆ ಮೀಸೆಯ ಹಿಂದೆ ಹುಟ್ಟಿ ಅಲ್ಲೇ ಉಳಿಯಿತು. ಮಾವನಿಗೆ ಕಂಡದ್ದು ಕೂದಲು ಅಲ್ಲಾಡಿದ್ದು ಮಾತ್ರ. ಅವರು ದಿನಾ ಎಲ್ಲರಿಗೂ ಮಾಡುವ ಹಾಗೆ ನಕ್ಕು, ತಲೆಯಾಡಿಸಿದರು.

"ಆಯ್ತಲ್ಲ," ಅಂದರು ಅಧ್ಯಕ್ಷರು. "ಇನ್ನೇನು ಬೇಕು? ಹೊರೆ ಸೈಕಲ್ಲು ಬೇಡ ಅನ್ನೋರು ಕೈ ಎತ್ತಿ."

ಕೈಗಳು ಮೇಲೆದ್ದವು. ಸುತ್ತ ನೋಡಿ ಮಾವನೂ ಬಲಗೈ ಎತ್ತಿದರು. ಎಲ್ಲರೂ ಎತ್ತಿದಾಗ ಎತ್ತುವುದು ಅವರಿಗೆ ರೂಢಿಯಾಗಿತ್ತು. ಬ್ರೆಡ್ಡಕ್ಕ ಆ ಕೈಯನ್ನೇ ನೋಡಿದಳು. ಸಿಟ್ಟು ಮಾಡಲಿಲ್ಲ, ಅಳಲೂ ಇಲ್ಲ. ತನ್ನ ಚೀಲ ಹೆಗಲಿಗೆ ಹಾಕಿಕೊಂಡಳು. ಆ ಸುಸ್ತು ನನಗೆ ಚೆನ್ನಾಗಿ ಗೊತ್ತು. ಇಡೀ ದಿನ ನಿಂತವರು ಜಗಳಕ್ಕೂ ನಿಲ್ಲಲಾರದ ಸುಸ್ತು ಅದು.

ನಾನು ಯಾರಿಗೂ ಹೇಳುವುದಿಲ್ಲ ಅಂತ ಮಾವನಿಗೆ ಒಪ್ಪಿಕೊಂಡಿದ್ದೆ. ಮಾವನಿಗೇ ಹೇಳುವುದಿಲ್ಲ ಅಂತ ಒಪ್ಪಿರಲಿಲ್ಲ. ಅವರು ನನ್ನ ಕಡೆ ನೋಡುವವರೆಗೆ ಕಾದೆ. ನೋಡಿದರು. ಅಷ್ಟು ಜನರ ನಡುವೆ, ದನಿ ತೆಗೆಯದೆ, ಒಂದೊಂದೇ ಮಾತು ತುಟಿಯಲ್ಲಿ ಹೇಳಿದೆ. ಅತ್ತೆ ಮಗ್ಗದ ಸಾಲಿನ ಆಚೆಯಿಂದ ಹೇಳುತ್ತಿದ್ದ ಹಾಗೆ. ಬ್ರೆಡ್ಡಕ್ಕನ್ನ. ದಾರಿಯಿಂದ. ತೆಗೀತಿದಾರೆ. ಬೆಲ್ ಮಾಡ್ಲಿಲ್ಲ ಅಂತ. ನೀವೇ ಹೇಳಿದ್ರಿ ಅಂತ.

ಏನು ಮಾಡಿ ಅಂತ ನಾನು ಹೇಳಲಿಲ್ಲ. ಹೇಳಲಿಕ್ಕೆ ನನಗೆ ಬಾಯಿಯೂ ಇರಲಿಲ್ಲ.

ಮಾವನ ಎತ್ತಿದ ಕೈ ಮೆಲ್ಲಗೆ ಇಳಿಯಿತು. ಜೋಲಿಯನ್ನು ಸರಿಮಾಡಿಕೊಂಡು, ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತರು. ಗಿರಣಿಯ ಮಗ್ಗಗಳ ಸದ್ದನ್ನೂ ಮೀರಿಸುವಷ್ಟು ಜೋರಾಗಿ ಮಾತಾಡಿದರು.

"ಆಕೆ ಬೆಲ್ ಮಾಡಿರ್ತಾಳೆ. ನನಗೆ ಕೇಳ್ಸಿಲ್ಲ. ನನಗೆ ಏನೂ ಕೇಳ್ಸಲ್ಲ. ಬಹಳ ವರ್ಷ ಆಯ್ತು. ಈಗ ಅಧ್ಯಕ್ಷರು ಕೇಳಿದ್ದೂ ಗೊತ್ತಾಗ್ಲಿಲ್ಲ. ಸುಮ್ನೆ ತಲೆಯಾಡಿಸ್ದೆ. ಆ ಹೆಣ್ಣುಮಗಳದ್ದು ತಪ್ಪಿಲ್ಲ." ಉಸಿರು ತೆಗೆದುಕೊಂಡು, ಬೋರ್ಡಿನ ಕಡೆ ನೋಡಿ, "ಅದನ್ನ ಹಾಕ್ಬೇಡಿ," ಅಂದರು.

ಶೆಡ್ಡಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಅದು ಮಾವನಿಗೆ ಗೊತ್ತಾಗುವ ಹಾಗಿರಲಿಲ್ಲ. ಅವರು ಒಬ್ಬೊಬ್ಬರ ತುಟಿಯನ್ನೂ ಹುಡುಕುತ್ತಿದ್ದರು, ಯಾರಾದರೂ ಬೈಯುತ್ತಿದ್ದಾರೇನೋ ಅಂತ. ನಾನು ನನ್ನ ಆಯುಷ್ಯದಲ್ಲಿ ಮೊದಲ ಸಲ ಹೆಲ್ಮೆಟ್‌ನ ತಲೆ ನೋಡಿದೆ. ಹೆಲ್ಮೆಟ್ಟನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದ. ತಲೆ ಬೋಳಾಗತೊಡಗಿತ್ತು. ಬ್ರೆಡ್ಡಕ್ಕ ಬಾಗಿಲಿಂದ ಬಂದು ಮಾವನ ಎದುರಿಗೆ ನಿಂತು, ಅವರನ್ನು ಭುಜ ಹಿಡಿದು ಕೂರಿಸಿದಳು.

ಮನೆಗೆ ಬರುವಾಗ ಬೀದಿ ದೀಪಗಳು ಹತ್ತಿದ್ದವು. ಮಾತಾಡಬೇಕಾದರೆ ದೀಪದ ಕೆಳಗೆ ನಿಂತು ಮುಖ ಕೊಡಬೇಕು. ಒಂದು ಕಂಬದ ಕೆಳಗೆ ನಿಂತೆ.

"ನಿಮ್ಮ ಮಗನಿಗೆ ಗೊತ್ತಾಗುತ್ತೆ ಮಾವ. ನಾಳೆಯಿಂದ ನಿಮ್ಮನ್ನ ಒಬ್ಬರೇ ಬಿಡಲ್ಲ. ನಿಮ್ಮ ವಾಕಿಂಗ್ ಹೋಯ್ತು."

"ನನ್ನ ವಾಕಿಂಗಿಗೇನಮ್ಮ," ಅಂದರು. "ಮೊದಮೊದಲು ನನಗೂ ಬೇಕಿತ್ತು. ಈಗ ಮಂಡಿ ನೋವು. ಆ ಬೆಂಚಿಗೆ ಹೋಗಿ ಕೂತ್ಕೊಂಡು, ಹೊತ್ತು ಕಳೆದು ವಾಪಸ್ ಬರ್ತೀನಿ ಅಷ್ಟೇ."

"ಮತ್ತೆ ಆ ಒಂದು ಗಂಟೆ ಅಂತ ಅಷ್ಟು ಬೇಡ್ಕೊಂಡ್ರಿ?"

ಮಾವ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. "ನಾನು ಮನೇಲಿದ್ರೆ ನೀನು ಕೂತ್ಕೊಳ್ಳೋದೇ ಇಲ್ಲ. ಕಾಫಿ ಬೇಕಾ, ಬಿಸಿನೀರು ಬೇಕಾ, ಅದು ತರ್ಲಾ, ಇದು ತರ್ಲಾ. ಒಂದಿನ ಬೇಗ ವಾಪಸ್ ಬಂದಾಗ ಹಿತ್ತಲ ಬೇಲಿ ಕಡೆಯಿಂದ ನೋಡ್ದೆ. ನೀನು ಮೆಟ್ಟಿಲ ಮೇಲೆ ಕಾಲು ಚಾಚ್ಕೊಂಡು ಕೂತಿದ್ದೆ. ನಿಮ್ಮತ್ತೆಗೆ ಅಂಥದ್ದು ಒಂದಿನಾನೂ ಸಿಗ್ಲಿಲ್ಲ. ತಿರುಗಿ ಹೋದೆ."

ದೀಪದ ಕೆಳಗೆ ನಿಂತೇ ಅತ್ತುಬಿಟ್ಟೆ. ಆ ದಾರಿಯ ಜನಕ್ಕೆಲ್ಲ ಕೈ ಎತ್ತುವುದನ್ನು ಕಲಿಸಿದ ಮನುಷ್ಯ, ಬೆನ್ನ ಹಿಂದೆ ಏನು ಬರುತ್ತಿದೆ ಅಂತ ತಿಳಿಯದೆ ದಿನಾ ಬೆಳಿಗ್ಗೆ ಹೊರಗೆ ಹೋಗುತ್ತಿದ್ದದ್ದು ನಾನು ಕೂತುಕೊಳ್ಳಲಿ ಅಂತ. ಬಂದು ಹೋಗುವವರು ನೋಡುತ್ತಿದ್ದರು. ನೋಡಲಿ ಅಂತ ಬಿಟ್ಟೆ.

ನಮ್ಮವರಿಗೆ ಗೊತ್ತಾದ ಮೇಲೆ ನಾನು ಅಂದುಕೊಂಡಂತೆಯೇ ಆಯಿತು. ಕಿವಿಯ ಡಾಕ್ಟರು, ಮಗ್ಗದ ಸದ್ದಿಗೆ ನರವೇ ಸತ್ತಿದೆ, ಮೆಷಿನ್ ಹಾಕಿದರೂ ಅಷ್ಟಕ್ಕಷ್ಟೆ ಅಂದರು. ಒಬ್ಬರೇ ಹೊರಗೆ ಹೋಗಕೂಡದು ಅಂತ ಮನೆಯಲ್ಲಿ ಕಟ್ಟಪ್ಪಣೆಯಾಯಿತು. ಮಾವ ವಾಕಿಂಗಿನ ಚಪ್ಪಲಿ ಒರೆಸಿ ಮೇಲಿನ ಗೂಡಿಗೆ ಎತ್ತಿಟ್ಟರು. ಬೆಳಿಗ್ಗೆ ಕಿಟಕಿಯ ಹತ್ತಿರ ಕೂತು, ತಮಗೆ ಏನೂ ಬೇಡ ಅನ್ನುವ ಮುಖ ಮಾಡಿಕೊಂಡಿರುತ್ತಿದ್ದರು. ನಾನು ಹಿತ್ತಲಿಗೆ ಹೋಗಿ ಕೂರುವುದು, ಏನೋ ನೆನಪಾಗಿ ಏಳುವುದು, ಅವರ ಮುಂದೆ ಒಂದು ಲೋಟ ಇಡುವುದು, ಮತ್ತೆ ಕೂರುವುದು. ಅವರು ಹೇಳಿದ್ದು ಸರಿ. ನನಗೆ ಕೂರಲಿಕ್ಕೆ ಬರುವುದಿಲ್ಲ.

ಸಮಿತಿಯವರು ಬೋರ್ಡಿನ ಮೇಲಿನ ಅಕ್ಷರಕ್ಕೆ ಬಣ್ಣ ಬಳಿದು ಬೇರೆ ಬರೆಸಿದರು. ಏನು ಬರೆಯಬೇಕೆಂದು ನನ್ನನ್ನೇ ಕೇಳಿದರು. 'ಬೆಲ್ ಎಲ್ಲರಿಗೂ ಕೇಳಿಸುವುದಿಲ್ಲ. ನಿಧಾನಿಸಿ' ಅಂದೆ. ಯಾರೂ ತಿದ್ದುಪಡಿ ಸೂಚಿಸಲಿಲ್ಲ. ಚಿತ್ರ ಮಾತ್ರ ಹಾಗೇ ಉಳಿಯಿತು, ಅದನ್ನು ಅಳಿಸಲು ಪೇಂಟರಿಗೆ ಮನಸ್ಸು ಬರಲಿಲ್ಲವಂತೆ.

ಪ್ಲಾಸ್ಟರ್ ತೆಗೆದ ಮರುದಿನ ಬೆಳಿಗ್ಗೆ ಕಾಫಿಯನ್ನು ಲೋಟಕ್ಕೆ ಹಾಕುವ ಬದಲು ಫ್ಲಾಸ್ಕಿಗೆ ಹಾಕಿದೆ. ಗೂಡಿನಿಂದ ಚಪ್ಪಲಿ ಇಳಿಸಿ ಮಾವನ ಮುಂದೆ ಇಟ್ಟೆ. ಬೇಡ ಅಂದರು. ಹಾಕ್ಕೊಳ್ಳಿ ಅಂತ ತುಟಿಯಲ್ಲೇ ಗದರಿದೆ. ಹಾಕಿಕೊಂಡರು.

ಅವರು ಮುಂದೆ, ನಾನು ಎರಡು ಹೆಜ್ಜೆ ಹಿಂದೆ. ಕಾಲು ನೋಯುತ್ತಿತ್ತು, ನಿದ್ದೆ ಸಾಲದೆ ಕಣ್ಣು ಉರಿಯುತ್ತಿತ್ತು. ಎರಡು ಗಂಟೆಯಲ್ಲಿ ರೋಲರಿನ ಮುಂದೆ ಮತ್ತೆ ನಿಲ್ಲಬೇಕು ಅನ್ನುವುದು ತಲೆಯಲ್ಲೇ ಇತ್ತು. ಕೆರೆ ಹತ್ತಿರವಾಗುವಾಗ ಹಿಂದೆ ಬೆಲ್ ಆಯಿತು. ನಾನು ಕೈ ಎತ್ತಿದೆ. ಬ್ರೆಡ್ಡಕ್ಕ ನಿಧಾನವಾಗಿ ದಾಟಿ, ಮಾವನ ಮುಂದೆ ಹೋದ ಮೇಲೆ ಒಮ್ಮೆ ತಿರುಗಿ, ಅವರಿಗೆ ಕಾಣುವ ಹಾಗೆ ತಾನೂ ಎಡಗೈ ಎತ್ತಿದಳು. ಮಾವ ಎತ್ತಿದರು. ಪ್ಲಾಸ್ಟರ್ ಬಿಟ್ಟ ಕೈ ಬಿಳಿಚಿಕೊಂಡು ಸಣ್ಣಗಾಗಿತ್ತು.

ಬೆಂಚಿನ ಮೇಲೆ ಕೂತೆವು. ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಅವರಿಗೆ ಕೊಡಲು ಹೋದೆ. ಅವರು ಅದನ್ನು ನನ್ನ ಕೈಗೇ ಒತ್ತಿದರು. ಆಮೇಲೆ ಬೆಂಚಿನ ಆ ತುದಿಗೆ ಸರಿದು, ನನ್ನ ಕಡೆ ಬೆನ್ನು ಮಾಡಿ, ಕೆರೆ ನೋಡುತ್ತಾ ಕೂತರು. ತುಟಿ ನೋಡದಿದ್ದರೆ ಅವರಿಗೆ ಯಾವ ಮಾತೂ ಇಲ್ಲ. ಬಾಗಿಲು ಎಳೆದುಕೊಂಡು ಹೊರಗೆ ಹೋದ ಹಾಗೆಯೇ.

ನಾನು ಚಪ್ಪಲಿ ಬಿಟ್ಟು ಕಾಲು ಚಾಚಿದೆ. ಕಾಫಿ ಮುಗಿಯುವವರೆಗೂ ಅವರು ಈ ಕಡೆ ತಿರುಗಲಿಲ್ಲ.